ಎರಡು ಗೇಣು

ಥಂಡರ್ ಬೇ ಊರಿನ ಬಸ್‌ಸ್ಟಾಪಿನ ಬೆಂಚುಗಳ ಮೇಲೆ
ಸಾಲಾಗಿ ನಗುತ್ತವೆ ಒಂಬತ್ತು ಮುಖ,
ಒಂದೇ ಬಣ್ಣದ ಕೋಟು, ಒಂದೇ ಅಳತೆಯ ಹಲ್ಲು:
ಮನೆ ಬೇಕೆ? ನಮ್ಮ ತಂಡವನ್ನು ಕೇಳಿ.
ಶಾಲೆಯ ಹಳದಿ ಬಸ್ಸನ್ನು ಹದಿನೇಳು ವರ್ಷ
ಆ ನಗುವಿನ ಮುಂದೆಯೇ ಓಡಿಸಿದವಳು ನಾನು.
ಕೇಳಿದ್ದು ಮಾತ್ರ ರೇಯೊ ಲಾಹ್ತೆಲಾನನ್ನು.

ಅವನಿಗೆ ತಂಡವಿಲ್ಲ.
ದೋಣಿಯೂ ಅವನೇ, ಹುಟ್ಟೂ ಅವನೇ,
ತೂತು ಬಿದ್ದರೆ ನೀರು ಮೊಗೆಯುವವನೂ ಅವನೇ.
ಫೋನ್ ಎತ್ತಿದರೆ ಅವನ ದನಿ,
ಎತ್ತದಿದ್ದರೂ ಅವನದೇ ದನಿ:
"ಏಣಿಯ ಮೇಲಿದ್ದೇನೆ, ಇಳಿದ ಮೇಲೆ ಮಾಡುತ್ತೇನೆ."
ಕಾರಿನ ಹಿಂದಿನ ಸೀಟಿನಲ್ಲಿ ಸುತ್ತಿಗೆ, ಹಿಮದ ಸಲಿಕೆ,
ಅರ್ಧ ತಿಂದ ರೈ ಬ್ರೆಡ್ಡು,
'ಮಾರಾಟಕ್ಕಿದೆ' ಎನ್ನುವ ಫಲಕ ಮೂರೇ ಮೂರು.
ನಾಲ್ಕನೆಯವರು ಬಂದರೆ
ಮೊದಲ ಮೂವರಲ್ಲಿ ಒಬ್ಬರದು ಹೋಗುವ ತನಕ ಕಾಯಬೇಕು.

ಮೊದಲ ಮನೆಯೇ ನನಗೆ ಹಿಡಿಸಿಬಿಟ್ಟಿತು.
ಕಿಟಕಿಯಲ್ಲಿ ಸರೋವರ, ಸರೋವರದಲ್ಲಿ ಗೋಧಿಯ ಹಡಗು.
ರೇಯೊ ಕಿಟಕಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತ,
ಜೇಬಿನಿಂದ ನೀಲಿ ಗೋಲಿಯೊಂದನ್ನು ತೆಗೆದು
ಅಡುಗೆಮನೆಯ ನೆಲಕ್ಕಿಟ್ಟು ಬೆರಳು ಬಿಟ್ಟ.
ಅದು ಒಂದು ಕ್ಷಣ ಯೋಚಿಸಿತು.
ಆಮೇಲೆ ಓಡಿತು ನೋಡಿ, ಕೊನೆಯ ಗಂಟೆ ಬಾರಿಸಿದ ಮೇಲಿನ ಮಕ್ಕಳ ಹಾಗೆ,
ಫ್ರಿಜ್ಜಿನಡಿ ನುಗ್ಗಿ ಗೋಡೆಗೆ ಟಕ್.
"ತಳಪಾಯ ಕುಸಿಯುತ್ತಿದೆ. ಬೇಡ."

ಎರಡನೆಯದರ ನೆಲಮಾಳಿಗೆಯಲ್ಲಿ
ನಾಯಿಯ ಹಾಗೆ ಮೂಗೆತ್ತಿ ನಿಂತ.
ಹೊಸ ಬಣ್ಣದ ಹಿಂದೆ ಹಳೆಯ ನೀರು. ಬೇಡ.
ಮೂರನೆಯದಕ್ಕೆ, ಅವನು ಬಾಯಿ ತೆರೆಯುವ ಮೊದಲೇ,
ನಾನೇ ಬೇಡ ಅಂದುಬಿಟ್ಟೆ.
ಅವನ ಮುಖ ಸಣ್ಣದಾಯಿತು:
"ಇದು ಚೆನ್ನಾಗಿಯೇ ಇತ್ತಲ್ಲ, ಡಾರೀನ್."

"ಹೀಗೆ ಬೇಡ ಬೇಡ ಅಂದರೆ ನಿನ್ನ ಹೊಟ್ಟೆ ತುಂಬುವುದು ಹೇಗೆ?"
ಅವನು ಬ್ರೆಡ್ಡು ಎತ್ತಿ ತೋರಿಸಿದ.

ಮಾರ್ಚಿಯಲ್ಲಿ ನಾಲ್ಕನೆಯ ಮನೆ.
ಬೇಕರಿಯ ಹಿಂದಿನ ಬೀದಿ, ಇಬ್ಬರಿಗೆ ಇಕ್ಕಟ್ಟು,
ಒಬ್ಬಳಿಗೆ ಸಾಕು.
ನಾಳೆ ಸಂಜೆ ಆರರೊಳಗೆ ಬೆಲೆ ಬರೆದು ಕೊಡಬೇಕು,
ರೇಯೊನ ಫೋನು ಎರಡು ದಿನದಿಂದ ಏಣಿಯ ಮೇಲೆಯೇ.
ಒಂಬತ್ತರಲ್ಲಿ ಒಬ್ಬರಿಗೆ ಜ್ವರ ಬಂದರೆ ಎಂಟು ಉಳಿಯುತ್ತವೆ.
ಒಂದರಲ್ಲಿ ಒಂದು ಕಳೆದರೆ?
ಬಸ್ಸು ಬದಿಗೆ ಹಾಕಿ
ಮೊದಲ ಸಲ ಆ ಬೆಂಚಿನಲ್ಲಿ ಕೂತೆ,
ಅಷ್ಟೂ ನಗುವಿನ ಮೇಲೆ.

ಆಗ ಬಂತು ಕರೆ, ಆಸ್ಪತ್ರೆಯಿಂದ.
ಪಿತ್ತಕೋಶದ ಕಲ್ಲು.
"ಈ ಸಲ ಗೋಲಿ ನನ್ನೊಳಗೇ ಉರುಳಿತು" ಎಂದು ನಗಲು ಹೋಗಿ ನರಳಿದ.
ಸೂಜಿ ಚುಚ್ಚಿದ ಕೈಯಲ್ಲೇ ಕಾಗದ ಬರೆಯುತ್ತಿದ್ದ,
ನರ್ಸಮ್ಮ ಪೆನ್ನು ಕಿತ್ತುಕೊಂಡರೆ
ದಿಂಬಿನಡಿಯಿಂದ ಇನ್ನೊಂದು.
"ಬೆಲೆ ಸರಿ, ಷರತ್ತು ಸರಿ. ನೆಲ ಮಾತ್ರ ನೋಡಿಲ್ಲ.
ಅಗೋ, ನನ್ನ ಕೋಟಿನ ಎಡ ಜೇಬು."

ಬಾಗಿಲು ತೆರೆದವಳು ಒಂಬತ್ತರಲ್ಲಿ ಎಂಟನೆಯವಳು.
ಹತ್ತಿರದಿಂದ ಅವಳ ಹಲ್ಲು ನಮ್ಮೆಲ್ಲರ ಹಾಗೆಯೇ.
ಅವಳೆದುರೇ, ಮಂಡಿ ಕಟಕಟ ಎನ್ನುತ್ತ
ಕುಕ್ಕರಗಾಲಲ್ಲಿ ಕೂತೆ, ಬೆರಳು ಬಿಟ್ಟೆ.

"ಹೊರಳಿತು, ರೇಯೊ."
"ಎಷ್ಟು?"
"ಎರಡು ಗೇಣು. ಆಮೇಲೆ ನಿಂತಿತು."
"ಯಾವ ಕಡೆಗೆ?"
"ಒಲೆಯ ಕಡೆಗೆ."
ಆ ಬದಿಯಲ್ಲಿ ಯಾವುದೋ ಯಂತ್ರ ಬೀಪ್ ಬೀಪ್ ಅನ್ನುತ್ತಿತ್ತು.
"ಎಪ್ಪತ್ತು ವರ್ಷದ ಮನೆಗೆ
ಅಷ್ಟು ವಾಲುವ ಹಕ್ಕಿದೆ. ಸಹಿ ಹಾಕು."

ಹಾಕಿದೆ. ಮೇ ತಿಂಗಳಿಗೆ ಕೀಲಿ ಬಂತು.
ಗೋಲಿ ಈಗಲೂ ನನ್ನ ಹತ್ತಿರವೇ ಇದೆ,
ಬಸ್ಸಿನಲ್ಲಿ, ಕಾಫಿ ಲೋಟ ಇಡುವ ಗುಳಿಯಲ್ಲಿ.
ತಿರುವಿಗೊಮ್ಮೆ ಗುಡುಗುಡು ಅನ್ನುತ್ತದೆ,
ಮಕ್ಕಳು ಬೇಕು ಅನ್ನುತ್ತವೆ, ನಾನು ಕೊಡುವುದಿಲ್ಲ.
ವಾಪಸು ಮಾಡೋಣವೆಂದು ಮೂರು ಸಲ ಫೋನ್ ಮಾಡಿದೆ.

"ಏಣಿಯ ಮೇಲಿದ್ದೇನೆ,
ಇಳಿದ ಮೇಲೆ..."