ಮೂಟೆಯ ಮೇಲಿನ ಊರು

ಹಾಸನದ ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತೆರಡು ವರ್ಷ
ಕಾಫಿಬೀಜ ಆರಿಸಿದಳು ಅವ್ವ.
ಟ್ಯೂಬ್‌ಲೈಟಿನ ಕೆಳಗೆ, ಮೊಣಕಾಲು ಮಡಚಿ,
ಕಪ್ಪು ಒಂದು ಕಡೆ, ಒಡಕು ಒಂದು ಕಡೆ,
ಹುಳ ತಿಂದದ್ದು ಸೆರಗಿನ ಹತ್ತಿರ.
ಸಂಜೆ ಮೂಟೆಗೆ ಮಸಿ ಬಳಿಯುತ್ತಿದ್ದವನು ಜವರಣ್ಣ.
ತಗಡಿನಲ್ಲಿ ಕೊರೆದ ಅಕ್ಷರ; ಓದಲು ಬಾರದ ಅವ್ವ
ಆಕಾರದಲ್ಲೇ ಗುರುತು ಹಿಡಿದಿದ್ದಳು:
ಮೊದಲಿಗೆ ಕರೆಂಟು ಕಂಬ, ನಡುವೆ ಒಂದು ಹಾವು,
ಕೊನೆಯಲ್ಲಿ ಮೂರು ಹಲ್ಲಿನ ಬಾಚಣಿಗೆ.
ಅದು ಊರೋ ಸಾವ್ಕಾರನ ಹೆಸರೋ, ಯಾರೂ ಹೇಳಲಿಲ್ಲ.

ನಾನು ಬಿ.ಎಂ. ರಸ್ತೆಯ ಕನ್ನಡಕದಂಗಡಿಯವಳು.
ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಿಸಿ
"ಇದು ಚೆನ್ನಾಗಿದೆಯಾ, ಇದಾ?" ಎಂದು ಕೇಳುವವಳು.
ಎರಡು ಚೀಟಿ ಎತ್ತಿ, ಒಂದು ಜೊತೆ ಓಲೆ ಮಾರಿ,
ಸಂಬಳವಿಲ್ಲದ ಇಪ್ಪತ್ತು ದಿನ ರಜೆ ಬರೆದುಕೊಟ್ಟು
ಹೊರಟೆ.

"ಒಬ್ಬಳೇನಾ?" ಎಂದರು ಎದುರುಮನೆ ನಂಜಮ್ಮಜ್ಜಿ.
"ಒಬ್ಬಳೇನಾ!" ಎಂದ ಸೋದರಮಾವ, ಚೊಂಬು ನೆಲಕ್ಕೆ ಕುಕ್ಕಿ.
"ಒಬ್ಬರೇನಾ," ಎಂದು ವೀಸಾ ಕಿಟಕಿಯವಳು
ಗುಂಡಿ ಒತ್ತಿದಳು, ಅಷ್ಟೆ.

ಮೊದಲ ವಾರ ಬರೀ ಭಯ, ಸುಳ್ಳೇಕೆ ಹೇಳಲಿ.
ಎಂಟು ಮಂಚದ ಕೋಣೆ, ಮೇಲಿನ ಮಂಚ ನನ್ನದು.
ಒಳಲಂಗದ ಜೇಬಿನಲ್ಲಿ ಬೆವರಿ ಮೆತ್ತಗಾದ ಪಾಸ್‌ಪೋರ್ಟು.
ರಾತ್ರಿ ಹತ್ತಾದರೂ ಮುಳುಗದ ಸೂರ್ಯ;
ಊಟಕ್ಕೆ ಹೊತ್ತಾಯಿತೋ ಇಲ್ಲವೋ ತಿಳಿಯದೆ
ಒಣಬ್ರೆಡ್ಡಿಗೆ ಹುಚ್ಚೆಳ್ಳುಪುಡಿ ಉದುರಿಸಿಕೊಂಡು ತಿಂದೆ.
ಮೂರು ದಿನ ಯಾರೊಡನೆಯೂ ಮಾತಿಲ್ಲ.
ನಾಲ್ಕನೆಯ ದಿನ ಸೇತುವೆಯ ಮೇಲೆ ಒಂದು ಮುದಿ ನಾಯಿಗೆ
"ಏನ್ಲಾ, ಉಂಡ್ಯಾ?" ಅಂದೆ. ಬಾಲ ಆಡಿಸಿತು.
ನನ್ನ ದನಿ ನನಗೇ ಯಾರದೋ ಅನ್ನಿಸಿತು.

ಲಿಯೋನಿನಲ್ಲಿ ಒಂದು ರಾತ್ರಿ ಒಬ್ಬ ಹಿಂದೆ ಬಿದ್ದ.
ನಿಂತರೆ ನಿಲ್ಲುವ, ನಡೆದರೆ ನಡೆವ ಬೂಟು.
ಬೇಲೂರು ಬಸ್ಸಿನಲ್ಲಿ ಕಲಿತದ್ದೆಲ್ಲ ಗಂಟಲಿಗೆ ಬಂತು:
"ಯಾವನ್ಲಾ ಅವ್ನು? ನಿನ್ ಮನೆ ಹಾಳಾಗ!
ಅಕ್ಕತಂಗೀರು ಇಲ್ವೇನ್ಲಾ ನಿಂಗೆ?"
ಮೂರು ಕಿಟಕಿ ತೆರೆದವು. ಅವನು ಮೂಲೆ ತಿರುಗಿದ.
ಮೇಲಿಂದೊಬ್ಬ ಮುದುಕಿ ಚಪ್ಪಾಳೆ ತಟ್ಟಿದಳು,
ಅಷ್ಟೂ ಅರ್ಥವಾದವಳಂತೆ.
ಆಮೇಲೆ ಯಾರದೋ ಮೆಟ್ಟಿಲ ಮೇಲೆ ಕೂತು ಅತ್ತೆ.

ಮ್ಯೂಸಿಯಮ್ಮಿನಲ್ಲಿ ಮುಟ್ಟಾದೆ, ಚಿತ್ರಗಳ ನಡುವೆ.
ಕಾವಲಿನ ಹೆಂಗಸು ಮಾತಿಲ್ಲದೆ ತಿಳಿದು
ತನ್ನ ಚೀಲದಿಂದ ತೆಗೆದು, ಮುಷ್ಟಿಯಲ್ಲಿ ಮುಚ್ಚಿ ಕೊಟ್ಟಳು.
ಯಾವ ಚಿತ್ರ ನೋಡಿದೆನೋ ಮರೆತೆ. ಆ ಮುಷ್ಟಿ ನೆನಪಿದೆ.

ಹದಿನಾರನೆಯ ದಿನ ರೈಲು ಸಮುದ್ರದ ಮಗ್ಗುಲಿಗೆ ಬಾಗಿ
ನಿಂತಿತು. ಹಲಗೆಯ ಮೇಲೆ
ಕರೆಂಟು ಕಂಬ. ಹಾವು. ಬಾಚಣಿಗೆ.
ಟ್ರಿಯೆಸ್ಟೆ.
ಇದಕ್ಕೇ ಬಂದವಳೆಂದು ಯಾರಿಗೂ ಹೇಳಿರಲಿಲ್ಲ.

ಅಲ್ಲಿ ಕೂತು ಕುಡಿದರೆ ಒಂದು ಬೆಲೆ, ನಿಂತರೆ ಒಂದು.
ನಿಂತೆ.
ಕಾಫಿಯ ಹುಡುಗ ಒಂದು ಬೆರಳೆತ್ತಿ ಕೇಳಿದ;
ಒಂದು ಬೆರಳೆತ್ತಿದೆ.
ಎರಡೇ ಗುಟುಕು. ಹಾಲಿಲ್ಲ, ಬೆಲ್ಲವಿಲ್ಲ,
ಕಹಿ ಕಿವಿಯವರೆಗೆ ಏರಿತು.

ಈಗ, ಪೆನ್ಷನ್ ಮೊಹಲ್ಲಾದ ಒಂದೂವರೆ ಕೋಣೆಯಲ್ಲಿ
ಅವ್ವ ಫೋನು ಮೂಗಿನವರೆಗೆ ತಂದು ನೋಡುತ್ತಾಳೆ.
ಅರಮನೆ, ಚರ್ಚು, ಹಿಮದ ಬೆಟ್ಟ,
ಎಲ್ಲವನ್ನೂ ಹೆಬ್ಬೆರಳಲ್ಲಿ ಆಚೆ ತಳ್ಳುತ್ತಾಳೆ.
ಸ್ಟೇಷನ್ ಬೋರ್ಡಿಗೆ ಬೆರಳು ನಿಂತಿತು.
"ಇದು ಜವರಣ್ಣನ ಮೂಟೇದಲ್ವೇನೆ?"
ಊರು ಕಣವ್ವ. ಸಮುದ್ರ ಇದೆ.
ನೀನು ಆರಿಸಿದ್ದು ಅಲ್ಲಿಗೇ ಹೋಗ್ತಿದ್ದದ್ದು.

ಬಣ್ಣ ನೋಡುವ ಯಂತ್ರ ಬಂದು ಮನೆಗೆ ಕಳಿಸಿದಾಗಿನಿಂದ
ಕೆಲಸದ ಮಾತೇ ಎತ್ತದವಳು
ಉಗುರಲ್ಲಿ ಚಾಪೆ ಕೆರೆಯುತ್ತ ಕೇಳಿದಳು:
"ಕುಡ್ದ್ಯಲ್ಲ, ಕಪ್ಪು ಬೀಜದ ವಾಸ್ನೆ ಇತ್ತಾ?
ಒಂದು ಕಣ್ತಪ್ಪಿದ್ರೂ ಸಾಕು ಕಣಮ್ಮಿ,
ಲೋಟವೇ ಕೆಟ್ಟೋಯ್ತದೆ."

ಇರಲಿಲ್ಲ, ಅಂದೆ.
ಅದನ್ನು ಹಿಡಿಯುವ ನಾಲಗೆ ನನಗೆಲ್ಲಿದೆ.

"ಮತ್ತೆ ಹೋದ್ರೆ," ಎಂದಳು, "ಆ ಹುಡ್ಗಂಗೆ ಹೇಳು..."
ನಿಲ್ಲಿಸಿದಳು. ಒಲೆಯ ಕಡೆ ನೋಡಿದಳು.
"ಏನಂತ ಹೇಳ್ತೀಯ, ಬುಡು."