ಅರ್ತ್ ವಯರು

ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ
ಎಡಗಡೆಯ ಹೆಡ್‌ಲೈಟು ಕಣ್ಣು ಪಿಳುಕಿಸುತ್ತದೆ.
ಬ್ರೇಕು ತುಳಿದರೆ ಮೀಟರಿನ ಗಾಜಿನ ಹಿಂದೆ
ಯಾರೋ ಬೀಡಿ ಎಳೆದ ಹಾಗೆ ಒಂದು ಕೆಂಪು,
ಎಳೆದು, ಬಿಟ್ಟು.
ಜಿನ್ನು ಹೊಕ್ಕಿದೆ ಅನ್ನುತ್ತಾರೆ ಅಬು ಫರ್ಹಾನ್.
ಅಂದು ನಗುತ್ತಾರೆ. ನಗುತ್ತಲೇ
ನನ್ನ ಮುಖ ನೋಡುತ್ತಾರೆ.

ಎಂಬತ್ತೆರಡರ ದಾತ್ಸನ್ ಪಿಕಪ್ಪು, ನನಗಿಂತ ಒಂದು ವರ್ಷ ದೊಡ್ಡದು.
ಹಿಂದೆ ಮೂರು ಗರ್ಗೂರು, ತಂತಿಯಲ್ಲಿ ಹೆಣೆದ ಮೀನಿನ ಗುಮ್ಮಟ;
ಸಿತ್ರಾದ ಕಡಲು ಇನ್ನೂ ಅವುಗಳಿಂದ ತೊಟ್ಟಿಕ್ಕುತ್ತಿದೆ.
ಈ ಬೇಸಿಗೆಯಲ್ಲೇ ಎರಡು ಬ್ಯಾಟರಿ ಬದಲಾಗಿದೆ,
ಪಕ್ಕದ ಅಂಗಡಿಯ ಗುಲ್‌ಜಮಾನ್ ಡೈನಮೋವನ್ನೂ ಹೊಸದು ಹಾಕಿದ.
ಹೊಸ ಡೈನಮೋಗೂ ಅದೇ ಜಿನ್ನು.

ಸಲ್ಮಾಬಾದಿನ ಶೆಡ್ಡು. ಆಗಸ್ಟು. ರಾತ್ರಿ ಹತ್ತು.
ಗಾಳಿಯನ್ನು ಹಿಂಡಿದರೆ ಅರ್ಧ ಬಕೆಟ್ಟು ಉಪ್ಪುನೀರು.
ಸ್ಪಾನರು ಕೈಯಿಂದ ಬಂಗುಡೆಯಂತೆ ಜಾರುತ್ತದೆ.

ತೊಕ್ಕೊಟ್ಟಿನ ಗ್ಯಾರೇಜಿನಲ್ಲಿ ಕಿವಿ ಹಿಂಡಿ
ಪುತ್ತಬ್ಬಾಕ ಕಲಿಸಿದ್ದು ಇಷ್ಟೇ:
ಸಾಮಾನು ಬದಲಿಸುವವ ಮೆಕ್ಯಾನಿಕ್ಕಲ್ಲ ಮಾರಾಯ, ವ್ಯಾಪಾರಿ.
ಮೊದಲು ಕೇಳು. ಯಾವಾಗ ಮಿಣುಕುತ್ತದೆ?
ಹಾರ್ನ್ ಹೊಡೆದಾಗಲೋ, ಹೊಂಡಕ್ಕೆ ಬಿದ್ದಾಗಲೋ?
ಜ್ವರ ಯಾವ ಹೊತ್ತಿಗೆ ಏರುತ್ತದೆಂದು ಕೇಳದೆ
ಮಾತ್ರೆ ಕೊಡುವವನ ಹತ್ತಿರ ನೀನು ಹೋಗುತ್ತೀಯಾ?

ಕೇಳಿದೆ, ನನ್ನ ಮುರುಕು ಅರಬಿಯಲ್ಲಿ.
ಸಮುದ್ರದಿಂದ ಬಂದ ಮರುದಿನ ಜಾಸ್ತಿ, ಎಂದರು.
ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಬ್ಯಾಟರಿಯಲ್ಲಿ ಹನ್ನೆರಡೂವರೆ. ಸರಿ.
ಎಂಜಿನ್ ಓಡುವಾಗ ಹದಿನಾಲ್ಕು. ಸರಿ.
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ
ಫ್ಯೂಸು ಒಂದೊಂದೂ ಕಿತ್ತು ಬೆಳಕಿಗೆ ಹಿಡಿದೆ.
ಎಲ್ಲ ಸರಿ. ಎಲ್ಲ ಸರಿಯಿದ್ದೂ ಮಿಣುಕುವುದೇ ಕಾಯಿಲೆ.

ಕೊನೆಗೆ ಲೈಟೆಲ್ಲ ಹಾಕಿಸಿ
ಮೀಟರಿನ ಕಪ್ಪು ಮುಳ್ಳನ್ನು ಬ್ಯಾಟರಿಯ ಮೈನಸ್ಸಿಗೆ,
ಕೆಂಪು ಮುಳ್ಳನ್ನು ಗಾಡಿಯ ಬರೀ ಮೈಗೆ ಒತ್ತಿದೆ.
ಸೊನ್ನೆ ಇರಬೇಕಾದಲ್ಲಿ ಒಂದೂಮುಕ್ಕಾಲು ವೋಲ್ಟು.

ಬ್ಯಾಟರಿ ತಟ್ಟೆಯ ಕೆಳಗೆ ಹೆಣೆದ ತಾಮ್ರದ ಪಟ್ಟಿ.
ಬೋಲ್ಟು ಬಿಗಿಯಾಗಿಯೇ ಇತ್ತು; ಅದರಡಿ ಮಾತ್ರ
ಹಸಿರು ಹಿಟ್ಟು.
ಮುಟ್ಟಿದರೆ ಉದುರಿತು, ಹಳೆಯ ತಾಯಿತದ ದಾರದಂತೆ.
ಅರ್ತ್ ಹೋಗಿದೆ, ಎಂದೆ ಕನ್ನಡದಲ್ಲೇ, ನನಗೆ ನಾನೇ.

ಆ ಮಾತಿಗೆ ನಮ್ಮ ಗ್ಯಾರೇಜಿನಲ್ಲಿ
ಯಾರ ನಾಲಗೆಯೂ ಸರಿಯಾಗಿ ಹೊರಳಿದ್ದಿಲ್ಲ.
ಪುತ್ತಬ್ಬಾಕ ಅರ್ಥ ಎಂದೇ ಅನ್ನುತ್ತಿದ್ದರು:
ಲೈಟಿಗೆ ಅರ್ಥ ಸಿಕ್ಕುತ್ತಾ ಇಲ್ಲ, ನೋಡು.
ಹದಿನಾರರ ಹುಡುಗ, ನಂಬಿಬಿಟ್ಟಿದ್ದೆ:
ಪದಕ್ಕಿರುವ ಹಾಗೆ ಬೆಳಕಿಗೂ ಒಂದು ಅರ್ಥ ಇರುತ್ತದೆ,
ಅದನ್ನು ಹತ್ತರ ಸ್ಪಾನರಿನಲ್ಲಿ ಬಿಗಿಯಬೇಕು.

ದಾರಿ ಮುಚ್ಚಿದರೆ ಕರೆಂಟು ಸುಮ್ಮನೆ ಕೂರುವುದಿಲ್ಲ,
ನೆರೆಯವರ ಅಂಗಳ ಹಾದು ಹೊರಡುತ್ತದೆ,
ಹೋಗುತ್ತಾ ಅವರ ದೀಪವನ್ನೂ ತಡವುತ್ತದೆ;
ಬ್ರೇಕಿನ ಸಂಕಟ ಮೀಟರಿನಲ್ಲಿ ಕೆಂಪಾಗುವುದು ಹೀಗೆ.
ಇಂಥದ್ದೇ ಇನ್ನೊಂದು ಗಾಡಿಯ ಸುದ್ದಿ ಕೇಳಿ
ರೂಮಿನ ಗ್ರೆಗರಿ ಚಪಾತಿ ಮಗುಚುತ್ತಾ ಅಂದಿದ್ದ:
ಹೋದದ್ದಕ್ಕೆ ವಾಪಸು ಬರುವ ದಾರಿ ಇಲ್ಲ,
ನಮ್ಮದೇ ಕತೆಯಲ್ಲವಾ ಇದು?
ಅಲ್ಲ, ಅಂದೆ. ನಿನ್ನ ಚಪಾತಿ ಸೀಯುತ್ತಿದೆ.

ಉಪ್ಪುಕಾಗದ ಉಜ್ಜಿ ಉಜ್ಜಿ
ತಗಡಿನ ಬಿಳಿ ಕಾಣುವವರೆಗೆ ಹೋದೆ.
ಹೊಸ ವಯರು, ಮೇಲೊಂದು ಬೊಟ್ಟು ವ್ಯಾಸಲಿನ್.
ಒಂದೂವರೆ ದಿನಾರು ಸಾಕು ಎಂದಾಗ
ಅಬು ಫರ್ಹಾನ್‌ಗೆ ಬೇಸರವೇ ಆಯಿತು.
ಅಷ್ಟು ಖರ್ಚು ಮಾಡಿಸಿದ ಜಿನ್ನು
ಇಷ್ಟಕ್ಕೆ ಇಳಿದು ಹೋಗುವುದೆಂದರೆ!
ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಸಾಫಿ ಮೀನು
ಬೆಂಚಿನ ಮೇಲಿಟ್ಟು ಗಾಡಿ ಹತ್ತಿದರು.

ಗೇಟಿನ ಹತ್ತಿರ ಬಲಕ್ಕೆ ಇಂಡಿಕೇಟರ್ ಬಿತ್ತು.
ಗಾಡಿ ನಿಲ್ಲಿಸಿ, ಇಳಿದು, ಮುಂದೆ ಬಂದು
ಎಡಗಡೆಯ ದೀಪವನ್ನು ಬಹಳ ಹೊತ್ತು ನೋಡಿದರು.
ಮತ್ತೆ ಹತ್ತಿ
ಎಡಕ್ಕೆ ತಿರುಗಿ ಹೋದರು.