ಹದಿಮೂರರಲ್ಲಿ ಏಳನೆಯದು

ಉಪ್ಪಳ ರೈಲ್ವೆ ಗೇಟಿನ ಪಕ್ಕ, ನನ್ನ ಅಂಗಡಿಯ ಬೆಂಚಿನ ಮೇಲೆ
ಕಲ್ಯಾಣಿಯಕ್ಕನ ಸ್ಕೂಟರಿನ ಹೊಟ್ಟೆ ಬಿಚ್ಚಿಟ್ಟಿದ್ದೇನೆ.
ನಿನ್ನೆ ಬಾಯಾರಿನ ಏರಿನಲ್ಲಿ ನಿಂತಿತಂತೆ,
ಪೆಟ್ಟಿಗೆ ತುಂಬ ಬಂಗುಡೆ, ಐಸು ಕರಗಿ ಹಿಂದೆ ನಾಲ್ಕು ಬೆಕ್ಕು.
ಮೂರು ಕಡ್ಡಿ ಚಾರ್ಜು ತೋರಿಸುತ್ತಲೇ ಸತ್ತಿತು
ಎಂದು ನನ್ನನ್ನೇ ಗದರುತ್ತಾಳೆ.

ಐವತ್ತೆರಡು ಸೆಲ್ಲು.
ಬೆರಳುದ್ದ, ನೀಲಿ ಅಂಗಿ,
ಶಾಲೆಯ ಅಸೆಂಬ್ಲಿಯ ಹಾಗೆ ನಾಲ್ಕು ನಾಲ್ಕಾಗಿ ನಿಂತ ಹದಿಮೂರು ಗುಂಪು.

ಕನ್ನಡ ಮೀಡಿಯಂ ಎಂಟನೆಯ ಕ್ಲಾಸು, ಐತಪ್ಪ ಮಾಷ್ಟ್ರು
ಬೋರ್ಡಿನ ಮೇಲೆ ಬರೆದಿದ್ದರು: ಧನ, ಋಣ.
ಇವನ ಋಣ ಅವನ ಧನಕ್ಕೆ, ಅವನ ಋಣ ಮುಂದಿನವನ ಧನಕ್ಕೆ,
ಹೀಗೆ ಕೈ ಹಿಡಿದು ಹೋದರೆ ಸರಣಿ; ಎತ್ತರ ಏರುತ್ತದೆ.
ಧನವೆಲ್ಲ ಒಂದು ಕಡೆ, ಋಣವೆಲ್ಲ ಒಂದು ಕಡೆ,
ಭುಜಕ್ಕೆ ಭುಜ ಕೊಟ್ಟರೆ ಸಮಾಂತರ;
ಎತ್ತರ ಅಷ್ಟೇ, ಬಾವಿ ಅಗಲ.
ಹಿಂದಿನ ಬೆಂಚಿನವರು ನಕ್ಕಿದ್ದೆವು:
ಇದು ಸೊಸೈಟಿ ಸಾಲದ ಲೆಕ್ಕವಾ ಮಾಷ್ಟ್ರೇ?

ಈಗ ನಾನೂ ಪ್ಲಸ್ಸು ಮೈನಸ್ಸು ಎನ್ನುತ್ತೇನೆ,
ಮಲಯಾಳದವರಿಗೂ ತುಳುವಿನವರಿಗೂ ಅದೇ ಸಲೀಸು.
ಆದರೆ ಕಪ್ಪು ಮುಳ್ಳನ್ನು ಲೋಹಕ್ಕೆ ಒತ್ತುವಾಗ
ಒಳಗೆ ಯಾರೋ ಋಣ ಎನ್ನುತ್ತಾರೆ.

ಮೂರು ಪಾಯಿಂಟ್ ಏಳು. ಏಳು. ಏಳು. ಆರು ಒಂಬತ್ತು. ಏಳು. ಏಳು.
ಏಳನೆಯ ಗುಂಪು: ಎರಡು ಪಾಯಿಂಟ್ ಎಂಟು.
ಸಾಲಿನಲ್ಲಿ ಒಂದು ಕುಸಿದರೆ ಸಾಕು,
ಕಾವಲಿನ ಬೋರ್ಡು ಹದಿಮೂರನ್ನೂ ಮಲಗಿಸಿಬಿಡುತ್ತದೆ.

ಪಟ್ಟಿ ಕತ್ತರಿಸಿ ನಾಲ್ಕನ್ನೂ ಬೇರೆ ಮಾಡಿದೆ.
ಬೆಳಗಾಗಿ ನೋಡಿದರೆ ಮೂರು ನಿಂತಲ್ಲೇ ನಿಂತಿವೆ,
ಒಂದು ಮಾತ್ರ ಇನ್ನೂ ಇಳಿದಿದೆ.
ಒಳಗೊಳಗೇ ಸೋರುವ ಜಾತಿ. ಅದಕ್ಕೆ
ಎಷ್ಟು ತಿಂಗಳಿಂದಲೋ, ಸ್ಕೂಟರು ನಿದ್ದೆ ಹೋದಾಗಲೂ
ಉಣಿಸಿ ಉಣಿಸಿ
ಮೂವರೂ ಅದರ ಮಟ್ಟಕ್ಕೇ ಬಂದಿದ್ದರು.

"ಆ ಮೂರಕ್ಕೆ ಗೊತ್ತಿತ್ತಾ?" ಕೇಳಿದಳು ಕಲ್ಯಾಣಿಯಕ್ಕ.

ಮೀಟರಿನ ಹತ್ತಿರ ಅಂಕೆ ಮಾತ್ರ ಇರುತ್ತದೆ.
ನಾನು ಬೇರೆ ಮಾತು ತೆಗೆದೆ: ಹೊಸದನ್ನು ತಂದ ಕೂಡಲೇ ಕೂಡಿಸಬಾರದು ಅಕ್ಕ,
ತುಂಬಿದ್ದು ಬರಿದಾದದ್ದರ ಮೇಲೆ ನುಗ್ಗುತ್ತದೆ, ತಂತಿ ಕೆಂಪಾಗುತ್ತದೆ.
ಮೊದಲು ಸಮಕ್ಕೆ ತರಬೇಕು. ಎರಡು ದಿನ.
"ಎರಡು ದಿನ ಬುಟ್ಟಿ ತಲೆ ಮೇಲೆ," ಎಂದಳು, ಸಿಂಬಿ ಹುಡುಕುತ್ತ ಹೋದಳು.

ಸೋರುವುದಕ್ಕೆ ಟೇಪು ಸುತ್ತಿ
ಮುಸೋಡಿ ಕಡಪ್ಪುರದ ಮರಳು ತುಂಬಿದ ಬಕೆಟ್ಟಿಗೆ ಹಾಕಿದೆ.
ಗೂಡ್ಸು ಗಾಡಿ ಹಾಯಿತು, ಬೆಂಚು ನಡುಗಿತು,
ಉಳಿದ ಮೂರು ಉರುಳಿ ಬಂದು ಒಂದಕ್ಕೊಂದು ತಾಗಿ ನಿಂತವು.
ನಡುವೆ ರಟ್ಟಿನ ತುಂಡು ಸಿಕ್ಕಿಸಿದೆ.